ಕಾಡಂಚಿನ ಒಂಟಿಮನೇಲಿ ಒಬ್ರೇ ಇರ್ಬೇಕು ಅಂದ್ರೆ ಏನೇನು ಗೊತ್ತಿರ್ಬೇಕು

ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಕೂತು "ಎಲ್ಲಾ ಬಿಟ್ಟು ಕಾಡಿಗೆ ಹೋಗ್ಬಿಡ್ಬೇಕು ಗುರೂ" ಅನ್ನದೇ ಇರೋರು ಯಾರಿದ್ದಾರೆ ಹೇಳಿ. ಕೆಲವ್ರು ನಿಜವಾಗ್ಲೂ ಹೊರಟೇ ಬರ್ತಾರೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಸಿದ್ದಾಪುರ ಕಡೆ ಮಕ್ಕಳೆಲ್ಲ ಊರು ಬಿಟ್ಟು ಖಾಲಿ ಬಿದ್ದಿರೋ ಹಳೇ ಮನೆ ಹುಡುಕ್ಕೊಂಡು ಬಂದು, ಮೊದಲ್ನೇ ಮಳೆಗಾಲ ಮುಗಿಯೋದ್ರೊಳಗೆ ಸಾಮಾನು ಕಟ್ಕೊಂಡು ವಾಪಸ್ ಹೋದೋರನ್ನ ನೋಡಿದೀನಿ. ಚಿರತೆಗೆ ಹೆದರಿ ಹೋದೋರು ನಂಗಂತೂ ಗೊತ್ತಿಲ್ಲ, ಒಣಗದ ಬಟ್ಟೆ, ನಿಂತುಹೋದ ನೀರು, ವಾರದಿಂದ ಇಲ್ಲದ ಕರೆಂಟು, ಮಾತಾಡೋಕೆ ಒಂದು ನರಪಿಳ್ಳೆ ಇಲ್ಲದ ಸಂಜೆ, ಇದಕ್ಕೆ ಸೋತು ಹೋದೋರು ಗೊತ್ತು. ಹಾಗಾಗಿ ಈ ಬರಹ ಅಂಥ ಸಣ್ಣ ಸಣ್ಣ ವಿಷ್ಯದ ಬಗ್ಗೇನೇ.

ಮೊದಲು ಒಂದು ಕ್ಲಿಯರ್ ಮಾಡ್ಕೊಳ್ಳಿ, ಕಾಡಿನ ಒಳಗೆ ಗುಡಿಸಲು ಹಾಕ್ಕೊಂಡು ಇರ್ತೀನಿ ಅನ್ನೋ ಐಡಿಯಾ ಇದ್ರೆ ಬಿಟ್ಬಿಡಿ. ರಿಸರ್ವ್ ಫಾರೆಸ್ಟು, ಅಭಯಾರಣ್ಯ ಅಂದ್ರೆ ಕೇಸು ಬೀಳುತ್ತೆ. ಆಗೋದು ಏನಿದ್ರೂ ಕಾಡಿಗೆ ಬೆನ್ನು ಕೊಟ್ಟಿರೋ ಖಾಸಗಿ ಜಮೀನಿನ ಮನೆ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವ್ರೂ ಕೃಷಿ ಜಮೀನು ತಗೋಬಹುದು ನಿಜ, ಆದ್ರೆ ಮಲೆನಾಡಲ್ಲಿ ಬಗರ್‌ಹುಕುಂ, ಸೊಪ್ಪಿನಬೆಟ್ಟ, ಕಾನು, ಡೀಮ್ಡ್ ಫಾರೆಸ್ಟು ಅಂತ ಸರ್ಕಾರಿ ಜಾಗ, ಕಾಡು ಜಾಗದ ನೂರೆಂಟು ತಕರಾರು, ಪಹಣೀಲಿ ಒಂದು ಇರುತ್ತೆ ಸ್ಥಳದಲ್ಲಿ ಇನ್ನೊಂದು ಇರುತ್ತೆ. ತಗೊಳ್ಳೋ ಆತುರ ಬೇಡ. ಬಾಡಿಗೆಗೋ, ಮನೆ ನೋಡ್ಕೊಂಡಿರ್ತೀನಿ ಅಂತ ಒಪ್ಪಂದಕ್ಕೋ ಒಂದು ಪೂರ್ತಿ ವರ್ಷ ಇದ್ದು ನೋಡಿ. ಮತ್ತೆ ಮನೆ ನೋಡೋಕೆ ಡಿಸೆಂಬರಲ್ಲಿ ಬರ್ಬೇಡಿ, ಆಗ ಎಲ್ಲಾ ಮನೇನೂ ಸ್ವರ್ಗದ ಥರಾನೇ ಕಾಣ್ಸುತ್ತೆ. ಜುಲೈನಲ್ಲಿ ಬನ್ನಿ, ಹಳ್ಳ ತುಂಬಿದಾಗ ಆ ಮನೆಗೆ ದಾರಿ ಇದ್ಯಾ ಅಂತ ನೋಡಿ. ಎಷ್ಟೋ ಮನೆಗೆ ಹೋಗೋದು ಸಂಕದ ಮೇಲೆ, ಅಂದ್ರೆ ಎರಡು ಅಡಿಕೆ ಮರ ಅಡ್ಡ ಹಾಕಿ ಕೈಗೆ ಒಂದು ಬಿದಿರು ಕಟ್ಟಿರ್ತಾರೆ ಅಷ್ಟೇ, ಪಾಚಿ ಕಟ್ಟಿ ಜಾರ್ತಾ ಇರುತ್ತೆ, ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಅದರ ಮೇಲೆ ದಾಟೋದನ್ನ ಒಂದ್ಸಲ ಮನಸಲ್ಲೇ ಕಲ್ಪಿಸಿಕೊಳ್ಳಿ.

ಮನೆ ಹಿಂದಿನ ಧರೆ, ಅಂದ್ರೆ ಗುಡ್ಡ ಕಡಿದ ಕಡೆ ನಿಂತಿರೋ ಮಣ್ಣಿನ ಗೋಡೆ ನೋಡಿ, ಇದು ತುಂಬಾ ಮುಖ್ಯ. ಗುಡ್ಡಾನ ಜೆಸಿಬೀಲಿ ನೇರ ಕಡಿದು ಸೈಟ್ ಮಾಡಿರೋ ಹೊಸ ಮನೆಗಳಿಗಿಂತ ಹಳಬರು ಜಾಗ ನೋಡಿ ಕಟ್ಟಿದ ಮನೆ ಎಷ್ಟೋ ವಾಸಿ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜಾರಿದ್ದು ಎಲ್ರಿಗೂ ನೆನಪಿದೆ, ಆದ್ರೆ ಸುದ್ದಿ ಆಗದ ಸಣ್ಣ ಸಣ್ಣ ಧರೆ ಕುಸಿತ ಪ್ರತಿ ಮಳೆಗಾಲಾನೂ ಆಗ್ತಾನೇ ಇರುತ್ತೆ. ಧರೆ ಎಷ್ಟು ಎತ್ತರ ಇದ್ಯೋ ಕನಿಷ್ಠ ಅಷ್ಟು ದೂರ ಗೋಡೆ ಇರ್ಲಿ, ಧರೆ ಮೇಲ್ಗಡೆ ನೀರು ಬಳಸಿ ಹೋಗೋ ಹಾಗೆ ಅಗಳು ತೋಡ್ಸಿ, ಮಲಗೋ ಕೋಣೆ ಮಾತ್ರ ಆ ಕಡೆ ಮಾಡ್ಕೋಬೇಡಿ.

ನೀರಿನ ವಿಷ್ಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಒಬ್ರೇ ಇರೋರಿಗೆ ವಾರಕ್ಕೊಂದ್ಸಲನಾದ್ರೂ ಬರೋ ಕೆಲಸ ಇದು. ಈ ಕಡೆ ಸುಮಾರು ಮನೆಗೆ ಅಬ್ಬಿ ನೀರು. ಗುಡ್ಡದ ಮೇಲೆ ಹಳ್ಳಕ್ಕೆ ಸಣ್ಣ ಕಟ್ಟೆ ಕಟ್ಟಿ ಅಲ್ಲಿಂದ ಕಪ್ಪು ಪೈಪಲ್ಲಿ ಮನೆ ಟ್ಯಾಂಕಿಗೆ ತಾನಾಗೇ ಇಳಿದು ಬರುತ್ತೆ, ಹಿಂದೆ ಅಡಿಕೆ ಮರ ಸೀಳಿದ ದಬ್ಬೇಲಿ ಬರ್ತಿತ್ತು. ಮೋಟರ್ ಬೇಡ, ಕರೆಂಟ್ ಬೇಡ, ಹಗಲೂ ರಾತ್ರಿ ಜುಳುಜುಳು. ಆದ್ರೆ ಜೋರು ಮಳೆ ಬಂದ ಮಾರನೇ ಬೆಳಗ್ಗೆ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ. ಆಗ ಕತ್ತಿ, ಒಂದು ತುಂಡು ಸೈಕಲ್ ಟ್ಯೂಬು, ತಂತಿ ತಗೊಂಡು ಗುಡ್ಡ ಹತ್ತಬೇಕು. ಸೀದಾ ಕಟ್ಟೆಗೆ ಹೋಗಿ, ಪೈಪಿನ ಬಾಯಿಗೆ ಕಟ್ಟಿರೋ ಜಾಲರಿ ಮೇಲೆ ದರಗು, ಅಂದ್ರೆ ಉದುರಿದ ಎಲೆ ಮೆತ್ಕೊಂಡಿರುತ್ತೆ, ಒಂದೊಂದ್ಸಲ ಒಳಗೆ ಏಡಿ ಕೂತಿರುತ್ತೆ. ಪೈಪಿನ ಬಾಯಿ ತಳಕ್ಕೆ ತಾಗಬಾರದು ಮರಳು ಎಳ್ಕೊಳ್ಳುತ್ತೆ, ನೀರಿನ ಮಟ್ಟಕ್ಕೂ ಬರಬಾರದು ಗಾಳಿ ಎಳ್ಕೊಳ್ಳುತ್ತೆ, ಮಧ್ಯದಲ್ಲಿ ನಿಲ್ಲೋ ಹಾಗೆ ಒಂದು ಕಲ್ಲಿಗೆ ಕಟ್ಟಿ. ಆಮೇಲೆ ಲೈನ್ ಹಿಡ್ಕೊಂಡೇ ಕೆಳಗೆ ಬನ್ನಿ. ಪೈಪು ಏರಿ ಇಳಿಯೋ ಜಾಗದಲ್ಲಿ ಗಾಳಿ ಕಟ್ಟುತ್ತೆ, ಅಲ್ಲೆಲ್ಲ ಮೊಳೇಲಿ ತೂತು ಮಾಡಿ ಕಡ್ಡಿ ಸಿಕ್ಕಿಸಿರ್ತಾರೆ, ಕಡ್ಡಿ ಕಿತ್ರೆ ಬುಸ್ ಅಂತ ಗಾಳಿ ಹೋಗಿ ಆಮೇಲೆ ಕೆಂಪು ನೀರು ಮುಖಕ್ಕೇ ಚಿಮ್ಮುತ್ತೆ, ಚಿಮ್ಮಿದ ತಕ್ಷಣ ಕಡ್ಡಿ ವಾಪಸ್ ಹಾಕಿ. ಮರ ಬಿದ್ದು ಜಾಯಿಂಟ್ ಬಿಟ್ಟಿದ್ರೆ ಪೈಪಿನ ತುದಿ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ತುರುಕ್ಬೇಕು, ಮಳೇಲಿ ಬೆಂಕಿ ಹತ್ತಲ್ಲ ಅದಕ್ಕೇ ಆ ಸೈಕಲ್ ಟ್ಯೂಬು, ಸದ್ಯಕ್ಕೆ ಬಿಗಿಯಾಗಿ ಸುತ್ತಿ ಬನ್ನಿ. ಕುಡಿಯೋ ನೀರು ಕುದಿಸ್ಲೇಬೇಕು, ಝರಿ ನೀರು ಔಷಧಿ ಅನ್ನೋ ಡೈಲಾಗೆಲ್ಲ ಬೇಡ. ಕಾಲಲ್ಲಿ ಗಾಯ ಇದ್ರೆ ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ಓಡಾಡ್ಬೇಡಿ, ಇಲಿಜ್ವರ ಬರೋದು ಹಾಗೇ.

ಮಳೆ ಅಂದ್ರೆ ಎಷ್ಟು ಅಂತ ಹೊರಗಿನವ್ರಿಗೆ ಅಂದಾಜು ಸಿಗಲ್ಲ. ಆಗುಂಬೇಲಿ ವರ್ಷದ ಸರಾಸರಿ 7000 ಮಿಲಿಮೀಟರ್ ದಾಟುತ್ತೆ, ಬೆಂಗಳೂರಲ್ಲಿ 1000ದ ಆಸುಪಾಸು, ಅದೂ ಇಲ್ಲಿ ಹೆಚ್ಚಿನ ಪಾಲು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತೆ. ಮಿರ್ಗ, ಅಂದ್ರೆ ಜೂನ್ ಶುರುವಿನ ಮೃಗಶಿರಾ ಮಳೆ ಹಿಡಿಯೋದ್ರೊಳಗೆ ಸೌದೆ ಕೊಟ್ಟಿಗೆ ತುಂಬಿರ್ಬೇಕು. ಆರಿದ್ರಾ ಮಳೇಲಿ ಸೌದೆ ಹುಡುಕಿದ್ರೆ ಹೊಗೆ ಮಾತ್ರ ಸಿಗೋದು. ಅಡುಗೆ ಗ್ಯಾಸಲ್ಲಿ ಆದ್ರೂ ಬಚ್ಚಲೊಲೆ ಉರಿಲೇಬೇಕು, ಹಂಡೆ ನೀರಿಗೊಂದೇ ಅಲ್ಲ, ಬಟ್ಟೆ ಒಣಗೋದು ಅಲ್ಲೇ, ಬೂಸ್ಟು ಹಿಡಿದ ಬೆಲ್ಟು ಚಪ್ಪಲಿ ಬದುಕೋದೂ ಅಲ್ಲೇ. ಅಕ್ಕಿ, ಬೇಳೆ, ಬೆಲ್ಲ ಗಾಳಿಯಾಡದ ಡ್ರಮ್ಮಲ್ಲಿ ಹಾಕಿಡಿ. ಹಪ್ಪಳ, ಉಪ್ಪಿನಕಾಯಿ, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ, ಒಣಗಿಸಿದ ಮುರುಗಲು (ಕೋಕಂ), ಇದೆಲ್ಲ ಹಳಬರು ಬೇಸಿಗೇಲಿ ಮಾಡ್ತಿದ್ದಿದ್ದು ಬಾಯಿಚಪಲಕ್ಕಲ್ಲ, ಮಳೇಲಿ ತರಕಾರಿ ಬೆಳೆಯೋದು ಅಷ್ಟಕ್ಕಷ್ಟೇ. ಕೆಸು ಮನೆ ಹಿಂದೆ ಧಾರಾಳ. ಕಳಲೆ, ಅಂದ್ರೆ ಎಳೇ ಬಿದಿರಿನ ಮೊಳಕೆ ಸಿಕ್ರೆ ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಾಯಿಸಿ ಎರಡು ಮೂರು ದಿನ ಬಿಟ್ಟೇ ತಿನ್ನಿ, ಹಸೀದ್ರಲ್ಲಿ ವಿಷ ಇರುತ್ತೆ. ಅಣಬೆ ಮಾತ್ರ ಊರಿನವ್ರು ಕೈಗೆ ಕೊಟ್ಟು ಇದು ತಿನ್ನೋದು ಅಂದ್ರೆ ಅಷ್ಟೇ, ಫೋನ್ ಆಪ್ ನೋಡಿ ತಿನ್ನೋ ಧೈರ್ಯ ಬೇಡ.

ಕರೆಂಟ್ ಬಗ್ಗೆ, ಸೋಲಾರ್ ಹಾಕ್ಸಿದೀನಿ ಅಂತ ಬೀಗಬೇಡಿ, ಬೇಕಾದ ಟೈಮಲ್ಲೇ ಬಿಸಿಲಿರಲ್ಲ. ಜಾಗ ಅನುಕೂಲ ಇದ್ರೆ, ಅಂದ್ರೆ ಹಳ್ಳದ ನೀರು ಎತ್ತರದಿಂದ ಇಳಿಯೋ ಹಾಗಿದ್ರೆ, ಒಂದು ಕಿಲೋವ್ಯಾಟ್ ಆಸುಪಾಸಿನ ಪಿಕೋ ಹೈಡ್ರೋ ಕೂರಿಸಬಹುದು, ಮಲೆನಾಡಲ್ಲಿ ಸುಮಾರು ಮನೇಲಿ ಇದೆ, ಮಳೆ ಜೋರಾದಷ್ಟೂ ಕರೆಂಟು ಜೋರು. ಬೇಸಿಗೇಲಿ ಸೋಲಾರ್, ಮಳೇಲಿ ಹೈಡ್ರೋ, ಒಳ್ಳೇ ಜೋಡಿ. ಏಪ್ರಿಲ್ ಮೇ ಗುಡುಗಿನ ಟೈಮಲ್ಲಿ ಪ್ಲಗ್ ಎಲ್ಲಾ ಕಿತ್ತಿಡಿ, ಮೋಡಮ್ಮು ಸುಡೋದು ಅಲ್ಲೇ. ವರ್ಕ್ ಫ್ರಂ ಹೋಮ್ ನಂಬ್ಕೊಂಡು ಬರೋರು ಮ್ಯಾನೇಜರ್ ಹತ್ರ ಮೊದಲೇ ಮಾತಾಡ್ಕೊಳ್ಳಿ, ಮರ ಬಿದ್ದು ಫೈಬರ್ ಕಟ್ ಆದ್ರೆ ಸರಿ ಮಾಡೋರು ಯಾವಾಗ ಬರ್ತಾರೋ ಅವ್ರಿಗೇ ಗೊತ್ತಿರಲ್ಲ.

ಈಗ ಪ್ರಾಣಿ ವಿಷ್ಯ. ಕಾಟಿ (ಕಾಡುಕೋಣ) ಎದುರಾದ್ರೆ ನಿಂತು ಫೋಟೋ ತೆಗೀಬೇಡಿ, ಹಿಂದೆ ಸರಿದು ದಾರಿ ಬಿಡಿ. ನಾಯೀನ ರಾತ್ರಿ ಹೊರಗೆ ಕಟ್ಟಿಹಾಕಿದ್ರೆ ಚಿರತೆಗೆ ಊಟ ಬಡಿಸಿಟ್ಟ ಹಾಗೆ, ಒಳಗೆ ಕೂಡಿ. ಹಂದಿ ಕಾಟಕ್ಕೆ ಐಬೆಕ್ಸ್ ಬೇಲಿ, ಅಂದ್ರೆ ಬ್ಯಾಟರೀಲಿ ಬರೀ ಶಾಕ್ ಹೊಡೆಯೋ ತಂತಿಬೇಲಿ ಹಾಕ್ಸಿ, ಲೈನಿಂದ ನೇರ ಕರೆಂಟ್ ಕೊಡೋದು ಅಪರಾಧ, ಅದಕ್ಕೆ ಮನುಷ್ಯರೇ ಸತ್ತಿರೋದು ಬೇಕಾದಷ್ಟಿದೆ. ಇಂಬಳ (ಜಿಗಣೆ) ಹತ್ತುತ್ತೆ, ಉಪ್ಪೋ ಸುಣ್ಣವೋ ಹಚ್ಚಿದ್ರೆ ಬಿಡುತ್ತೆ, ಅದಕ್ಕೆಲ್ಲ ಕಿರುಚಿಕೊಂಡ್ರೆ ಇಲ್ಲಿ ಬದುಕೋದು ಕಷ್ಟ.

ನಿಜವಾಗ್ಲೂ ಹುಷಾರಾಗಿರ್ಬೇಕಾದ್ದು ಎರಡಕ್ಕೆ. ಒಂದು ಉಣುಗು, ಅಂದ್ರೆ ಉಣ್ಣೆ, ಮಂಗನ ಕಾಯಿಲೆ ಹರಡೋದು ಅದು ಕಚ್ಚಿಯೇ. ಆ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಮಳೆ ನಿಂತ್ಮೇಲೆ ನವೆಂಬರಿಂದ ಮೇವರೆಗೆ ಅದರ ಸೀಸನ್ನು, ಅಂದ್ರೆ ಹೊಸಬ್ರು ಖುಷಿಯಾಗಿ ಕಾಡು ಸುತ್ತೋ ಟೈಮಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡೀಪಾ ಎಣ್ಣೆ ಕೊಡ್ತಾರೆ, ಕೈಕಾಲಿಗೆ ಹಚ್ಕೊಂಡು ಹೋಗಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಕುದಿಯೋ ನೀರಿಗೆ ಹಾಕಿ. ಮಂಗ ಸತ್ತು ಬಿದ್ದಿದ್ರೆ ಹತ್ರ ಹೋಗ್ಬೇಡಿ, ಆಶಾ ಕಾರ್ಯಕರ್ತೆಗೋ ಫಾರೆಸ್ಟಿನವ್ರಿಗೋ ಹೇಳಿ, ಆ ಜಾಗದ ದರಗು ತರ್ಬೇಡಿ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡೋಲೋ ನುಂಗಿ ಮಲ್ಕೋಬೇಡಿ.

ಇನ್ನೊಂದು ಹಾವು. ಕಾಳಿಂಗ ನೋಡಿ ಎಲ್ರೂ ನಡುಗ್ತಾರೆ, ಅದು ಪಾಪ ತನ್ನ ಪಾಡಿಗೆ ಹೋಗೋ ಪ್ರಾಣಿ. ಭಯ ಪಡ್ಬೇಕಾಗಿರೋದು ಕೊಳಕುಮಂಡಲಕ್ಕೆ, ಅದಕ್ಕಿಂತ ಜಾಸ್ತಿ ಕಟ್ಟುಹಾವಿಗೆ. ಅದು ರಾತ್ರಿ ಮನೆ ಒಳಗೇ ಬರುತ್ತೆ, ನೆಲದ ಮೇಲೆ ಮಲಗಿದ್ರೆ ಹಾಸಿಗೆಗೇ ಬರುತ್ತೆ, ಕಚ್ಚಿದ್ರೆ ನೋವೂ ಅಷ್ಟಾಗಿ ಗೊತ್ತಾಗಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತು ಬೀಳೋದು, ನುಂಗೋಕೆ ಕಷ್ಟ, ಹೀಗಾದ್ರೆ ಗ್ಯಾಸ್ಟ್ರಿಕ್ಕು ಅಂತ ಸುಮ್ನಿರ್ಬೇಡಿ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆ ಕಟ್ಟಿ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ, ಖರ್ಚು ಕಡಿಮೆ, ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ರಾತ್ರಿ ಅಂಗಳಕ್ಕೂ ಟಾರ್ಚ್ ಇಲ್ದೆ ಕಾಲಿಡ್ಬೇಡಿ. ಕಚ್ಚಿದ್ರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ನಾಟಿ ಔಷಧಿ ಹುಡುಕೋದು ಯಾವುದೂ ಬೇಡ, ಉಂಗುರ ವಾಚು ತೆಗೆದು, ಅಲ್ಲಾಡದೆ ಕೂತು, ಯಾರಾದ್ರೂ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಆಂಟಿವೆನಮ್ಮು ಮತ್ತೆ ವೆಂಟಿಲೇಟರ್ ಯಾವ ಆಸ್ಪತ್ರೇಲಿದೆ ಅಂತ ಬಂದ ಮೊದಲ ವಾರಾನೇ ವಿಚಾರಿಸಿ ಗೋಡೆ ಮೇಲೆ ಬರೆದಿಡಿ.

ಆ "ಯಾರಾದ್ರೂ ಬಂದು" ಅನ್ನೋದಿದೆಯಲ್ಲ, ನಾನು ಹೇಳ್ಬೇಕು ಅಂತ ಇದ್ದಿದ್ದು ಅದನ್ನೇ. ಮಲೆನಾಡಲ್ಲಿ ಒಂಟಿಮನೆ ತಲೆಮಾರುಗಳಿಂದ ಇದೆ, ಆದ್ರೆ ಅದು ನಡೀತಿದ್ದಿದ್ದು ಮುಯ್ಯಾಳಿನ ಮೇಲೆ. ನಿಮ್ಮ ಗದ್ದೆ ನಟ್ಟಿಗೆ ನಾನು, ನನ್ನ ಅಡಿಕೆ ಕೊನೆಕೊಯ್ಲಿಗೆ ನೀವು. ಜನ ಬೇಡ ಅಂತ ಬಂದೋರು ಈ ಲೆಕ್ಕದಿಂದ ಹೊರಗೆ ನಿಲ್ತಾರೆ, ಕಾಲು ಉಳುಕಿದ ದಿನ ಗೊತ್ತಾಗುತ್ತೆ. ಕೂಗಳತೇಲಿ ಮನೆ ಇದ್ರೂ ಮಳೇಲಿ ಕೂಗು ಕೇಳ್ಸಲ್ಲ. ಹಾಗಾಗಿ ಬಂದ ತಕ್ಷಣ ಆಚೆಮನೆ ಅಮ್ಮನ ಹತ್ರ ಹೋಗಿ ಒಂದು ಲೀಟರ್ ಹಾಲು ಗೊತ್ತು ಮಾಡ್ಕೊಳ್ಳಿ, ಹಾಲು ಬೇಡದಿದ್ರೂ ಪರ್ವಾಗಿಲ್ಲ. ದಿನಾ ಬೆಳಗ್ಗೆ ಹೋಗೋ ನೀವು ಒಂದಿನ ಹೋಗದಿದ್ರೆ "ಏನಾಯ್ತು ಮಾರಾಯ್ರೆ, ತಂಬಿಗೆ ಬರ್ಲಿಲ್ಲ ಇವತ್ತು" ಅಂತ ಯಾರಾದ್ರೂ ನೋಡೋಕೆ ಬರ್ತಾರೆ. ಯಾರದೋ ಮನೆ ಕೊನೆಕೊಯ್ಲಿದ್ರೆ ಅಡಿಕೆ ಸುಲಿಯೋಕೆ ಕೂತ್ಕೊಳ್ಳಿ, ಬರ್ದೇ ಇದ್ರೂ ಕೂತ್ಕೊಳ್ಳಿ. ಸಾವು, ತಿಥಿ, ಮದುವೆ ತಪ್ಪಿಸ್ಬೇಡಿ. ಹೋಗ್ತಾ ಬರ್ತಾ ದಣಪೆ, ಅಂದ್ರೆ ಬೇಲಿ ದಾರಿಗೆ ಅಡ್ಡ ಹಾಕೋ ಗಳ ಸರಿಯಾಗಿ ಹಾಕಿ, ನಿಮ್ಮಿಂದ ಇನ್ನೊಬ್ರ ತೋಟಕ್ಕೆ ದನ ನುಗ್ಗಿದ್ರೆ ಆ ಸಿಟ್ಟು ವರ್ಷಗಟ್ಲೆ ಇರುತ್ತೆ. ಸಿಗ್ನಲ್ ಸಿಗೋ ದಿಬ್ಬ ಯಾವುದು ಅಂತ ತಿಳ್ಕೊಂಡಿರಿ, ನಿಮ್ಮ ಸಿಮ್ಮಿಗೆ ಟವರ್ ಇಲ್ದಿದ್ರೂ ಬೇರೆ ಕಂಪನೀದು ಇದ್ರೆ 112ಕ್ಕೆ ಕಾಲ್ ಹೋಗುತ್ತೆ.

ಇಷ್ಟೆಲ್ಲ ಆದ್ಮೇಲೆ ಯಾಕಪ್ಪ ಇರ್ಬೇಕು ಅಂತೀರಾ. ಮೇ ತಿಂಗಳ ಕೊನೇಲಿ ಮೊದಲ ಮಳೆ ಬಿದ್ದ ರಾತ್ರಿ ಒಂದಿಡೀ ಮರ ಮಿಣುಕುಹುಳದಲ್ಲಿ ಹತ್ತಿ ಆರೋದು ನೋಡ್ಬೇಕು ನೀವು. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಹಾರಿದ್ರೆ ರೆಕ್ಕೆ ಸದ್ದು ಮನೆ ಒಳಗೆ ಕೇಳುತ್ತೆ. ಕಾಜಾಣ ಎಲ್ಲಾ ಹಕ್ಕಿದೂ ಮಿಮಿಕ್ರಿ ಮಾಡಿ ಕೊನೆಗೆ ಬೆಕ್ಕಿಂದೂ ಮಾಡುತ್ತೆ. ಹೊರಗೆ ಧೋ ಅಂತ ಸುರೀತಿರ್ಬೇಕಾದ್ರೆ ಹಂಡೆಯಿಂದ ಕೆಂಡದಂಥ ನೀರು ತೋಡಿ ತೋಡಿ ಹುಯ್ಕೊಳ್ಳೋ ಸುಖ ಯಾವ ರೆಸಾರ್ಟಲ್ಲೂ ಇಲ್ಲ. ಮತ್ತೆ ಹೊತ್ತು, ದಿನ ಪೂರ್ತಿ ನಿಮ್ಮದೇ. ಆದ್ರೆ ಆ ಹೊತ್ತೇ ಆಗಸ್ಟ್ ಹೊತ್ತಿಗೆ ತಿರುಗಿ ಬೀಳುತ್ತೆ, ಸೂರ್ಯ ಕಾಣ್ದೆ ವಾರಗಳಾಗಿರುತ್ತೆ, ಸಂಜೆ ನಾಲ್ಕಕ್ಕೇ ಕತ್ತಲು, ಎಲ್ಲಾದಕ್ಕೂ ಬೇಜಾರು. ಆಗ ದಿನಕ್ಕೊಂದು ಹೊರಗಿನ ಕೆಲಸ ಇಟ್ಕೊಳ್ಳಿ, ಕೈಗೆ ಹತ್ತೋ ಕೆಲಸ ಒಂದು ಇರ್ಲಿ, ವಾರಕ್ಕೊಂದ್ಸಲ ಸಂತೆಗೆ ಹೋಗಿ ಟೀ ಅಂಗಡೀಲಿ ಕೂತು ಸುಮ್ನೆ ಮಾತಾಡಿ ಬನ್ನಿ. ಕುಡಿಯೋ ಅಭ್ಯಾಸ ಇರೋರು ಒಬ್ರೇ ಕೂತು ಶುರು ಹಚ್ಕೋಬೇಡಿ, ಮಳೆಗಾಲ ಉದ್ದ ಇದೆ. ನಿದ್ದೆ ಬಿಟ್ಟು ಊಟ ಬಿಟ್ಟು ಕೂರೋ ಹಾಗಾದ್ರೆ ಹಟ ಮಾಡದೆ ಹದಿನೈದು ದಿನ ಊರಿಗೆ ಹೋಗ್ಬನ್ನಿ, ಮನೆ ಎಲ್ಲೂ ಓಡಿಹೋಗಲ್ಲ.

ಹಾಗೆ ಹೋಗುವಾಗ ಅಕ್ಕಿ ಡ್ರಮ್ಮಿನ ಮುಚ್ಚಳ ಭದ್ರ ಮಾಡಿ, ಮೈನ್ ಸ್ವಿಚ್ ಆಫ್ ಮಾಡಿ, ಅಬ್ಬಿ ಪೈಪನ್ನ ಟ್ಯಾಂಕಿಂದ ತೆಗೆದು ಚರಂಡಿಗೆ ಬಿಡಿ, ಬೀಗದ ಕೈ ಆಚೆಮನೇಲಿ ಕೊಟ್ಟು ಯಾವತ್ತು ಬರ್ತೀರಿ ಅಂತ ಹೇಳಿ ಹೋಗಿ. ಬರ್ತಾ ಅವ್ರಿಗೆ ಪೇಟೆಯಿಂದ ಏನಾದ್ರೂ ತರ್ಬೇಕಾ ಅಂತ ಕೇಳೋದು ಮರೀಬೇಡಿ.