ರಗ್ಬಿ ತಲೆಗೆ ಹೋಗ್ತಿಲ್ವಾ? ಒಬ್ಬ ಹುಡುಗನ ಬೆನ್ನು ಹತ್ತಿ

ರಗ್ಬಿ ನೋಡೋಕೆ ಕೂತ ಹೊಸಬರು ಮೊದಲು ನಿಯಮ ಕಲಿಯೋಕೆ ಹೋಗುತ್ತಾರೆ. ಹೋಗಿ ಸುಸ್ತಾಗುತ್ತಾರೆ. ರಕ್‌ನಲ್ಲಿ, ಅಂದರೆ ನೆಲದ ಮೇಲಿನ ಚೆಂಡಿಗಾಗಿ ಎರಡೂ ತಂಡದವರು ತಳ್ಳಾಡುವಾಗ, ರೆಫ್ರಿ ಯಾಕೆ ಸೀಟಿ ಊದಿದರು ಅನ್ನೋದು ವರ್ಷಗಟ್ಟಲೆ ನೋಡಿದವರಿಗೂ ಎಷ್ಟೋ ಸಲ ಗೊತ್ತಾಗಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ ಟ್ರೈ, ಅದಕ್ಕೆ 5 ಅಂಕ, ಪೆನಾಲ್ಟಿ ಕಿಕ್‌ಗೆ 3, ಆಟ 80 ನಿಮಿಷ. ಸದ್ಯಕ್ಕೆ ಇಷ್ಟು ಸಾಕು. ಇಪ್ಪತ್ತರ ಆಸುಪಾಸಿನ ಒಬ್ಬ ಆಟಗಾರನನ್ನು ಆರಿಸಿಕೊಳ್ಳಿ, ಎರಡು ಮೂರು ವರ್ಷ ಅವನನ್ನೇ ಗಮನಿಸಿ. ನಾನು ಕಲಿತದ್ದು ಹಾಗೇ, ವೇಲ್ಸ್‌ನ ಲೂಯಿಸ್ ರೀಸ್-ಜಾಮಿಟ್ ಆಟ ನೋಡುತ್ತಾ.

ಯಾರನ್ನು ಆರಿಸಬೇಕು? ಅವಸರ ಇದ್ದರೆ ವಿಂಗರ್‌ನನ್ನು ಹಿಡಿಯಿರಿ. ಅಂಚಿನಲ್ಲಿ ಓಡುವವನು, ವೇಗ ಇದ್ದರೆ ಹದಿನೆಂಟಕ್ಕೇ ಮಿಂಚುತ್ತಾನೆ. ರೀಸ್-ಜಾಮಿಟ್ ಇಂಗ್ಲೆಂಡಿನ ಗ್ಲಾಸ್ಟರ್ ಕ್ಲಬ್‌ಗೆ ಆ ವಯಸ್ಸಲ್ಲೇ ಹ್ಯಾಟ್ರಿಕ್ ಟ್ರೈ ಹೊಡೆದ. ಪ್ರಾಪ್‌ನನ್ನು ಹಿಡಿದರೆ ಮಾತ್ರ ತಾಳ್ಮೆ ಬೇಕು. ಸ್ಕ್ರಮ್ ಅಂದರೆ ಎರಡೂ ತಂಡದ ಎಂಟೆಂಟು ಜನ ಹೆಣೆದುಕೊಂಡು ಚೆಂಡಿಗಾಗಿ ತಳ್ಳೋದು; ಅದರ ಮುಂದಿನ ಸಾಲಲ್ಲಿ ಪ್ರಾಪ್ ಆಗಿ ಕತ್ತು ಕೊಟ್ಟು ತಳ್ಳೋ ಕಸುವು ಒಂದೆರಡು ವರ್ಷದಲ್ಲಿ ಬರಲ್ಲ, ಹೆಚ್ಚಿನವರು ಮಾಗೋದು ಇಪ್ಪತ್ತೈದು ದಾಟಿದ ಮೇಲೆ.

ಆಮೇಲೆ ಜೆರ್ಸಿ ನಂಬರ್ ನೋಡೋದು ಕಲಿಯಿರಿ. ಕ್ರಿಕೆಟ್‌ನಲ್ಲಿ ನಂಬರ್ ಸುಮ್ನೆ ಇಷ್ಟದ್ದು, ಇಲ್ಲಿ ಅದೇ ಕೆಲಸದ ಹೆಸರು. 1ರಿಂದ 8 ಸ್ಕ್ರಮ್‌ನಲ್ಲಿ ತಳ್ಳೋ ಫಾರ್ವರ್ಡ್‌ಗಳು, 9ರಿಂದ 15 ಅವರ ಹಿಂದೆ ನಿಂತು ಓಡೋ ಬ್ಯಾಕ್‌ಗಳು, 11 ಮತ್ತು 14 ವಿಂಗರ್‌ಗಳು, 16ರಿಂದ 23 ಬೆಂಚು. ಪಂದ್ಯಕ್ಕೆ ಮುಂಚೆ ಬರೋ ಟೀಮ್ ಶೀಟ್‌ನಲ್ಲಿ ನಿಮ್ಮ ಹುಡುಗ ಬೆಂಚಿಂದ 14ಕ್ಕೆ ಬಂದನಾ, ಅಥವಾ ಹೆಸರೇ ಇಲ್ವಾ? ಅವನ ಬೆಳವಣಿಗೆ ಟ್ರೈ ಲೆಕ್ಕಕ್ಕಿಂತ ಅಲ್ಲೇ ಜಾಸ್ತಿ ಕಾಣುತ್ತದೆ. ನಮ್ಮವನು 2020ರಲ್ಲಿ ಫ್ರಾನ್ಸ್ ವಿರುದ್ಧ ವೇಲ್ಸ್‌ಗೆ ಮೊದಲ ಸಲ ಆಡಿದ್ದೂ ಬೆಂಚಿಂದ ಎದ್ದು ಬಂದೇ.

ಒಂದು ಟ್ರೈ ಮಾತ್ರ ಹುಡುಕಿ ನೋಡಿ. 2021ರ ಫೆಬ್ರವರಿ, ಎಡಿನ್‌ಬರೋದ ಮರ್ರೀಫೀಲ್ಡ್, ಕೋವಿಡ್ ಕಾಲ, ಇಡೀ ಸ್ಟೇಡಿಯಂ ಖಾಲಿ. ಚೆಂಡು ಅವನ ಕೈಗೆ ಬಂದಾಗ ಬಲಗಡೆ ಅಂಚಲ್ಲಿ ಜಾಗವೇ ಇಲ್ಲ, ಎದುರಿಗೆ ಸ್ಕಾಟ್ಲೆಂಡಿನ ಸ್ಟುವರ್ಟ್ ಹಾಗ್. ಇವನು ಚೆಂಡನ್ನು ಕಾಲಲ್ಲಿ ಮೆಲ್ಲಗೆ ಅವರ ಆಚೆ ಎತ್ತಿಹಾಕಿ, ಅವರನ್ನು ದಾಟಿ ಓಡಿ, ತಾನೇ ಹಿಡಿದು ಟ್ರೈ ಮಾಡಿದ. ವೇಲ್ಸ್ ಗೆದ್ದದ್ದು 25-24ರಲ್ಲಿ, ಅಂದರೆ ಒಂದೇ ಅಂಕ. ಅವನಿಗೆ ಇಪ್ಪತ್ತು ತುಂಬಿ ಎರಡು ವಾರವೂ ಆಗಿರಲಿಲ್ಲ! ಅದೇ ವರ್ಷ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ (ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಆರಿಸಿದ ತಂಡ) ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋದ, ಆದರೆ ಆ ದೇಶದ ತಂಡದ ವಿರುದ್ಧ ಒಂದು ಟೆಸ್ಟೂ ಸಿಗಲಿಲ್ಲ.

ಏಟಿನ ಸುದ್ದಿಗೂ ತಯಾರಾಗಿರಿ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದುಕೊಂಡು ಹೋಗಿ 12 ನಿಮಿಷ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಪಾಸಾಗದಿದ್ದರೆ ಸಾಮಾನ್ಯವಾಗಿ ಮುಂದಿನ ವಾರದ ಪಂದ್ಯಕ್ಕೂ ಅವನಿಲ್ಲ. ಆಗ ಕೋಚ್‌ನ ಬೈಯಬೇಡಿ.

ಇನ್ನು ದುಡ್ಡಿನ ವಿಷಯ. ಇದನ್ನು ಯಾರೂ ಮೊದಲು ಹೇಳಿಕೊಡಲ್ಲ. ಇಂಗ್ಲೆಂಡಿನಲ್ಲಿ ಕ್ಲಬ್‌ಗಳೇ ಮುಳುಗುತ್ತವೆ: 2022ರಲ್ಲಿ ವುಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಷ್. ಸೀಸನ್ ನಡುವೆಯೇ ಕೆಲಸ ಕಳೆದುಕೊಂಡ ವಾಸ್ಪ್ಸ್‌ನ ಜಾಕ್ ವಿಲ್ಲಿಸ್ ಫ್ರಾನ್ಸಿನ ಟುಲೂಸ್ ಸೇರಿ ಅಲ್ಲಿ ಕಪ್ ಮೇಲೆ ಕಪ್ ಗೆದ್ದ, ಆದರೆ ಹೊರದೇಶದಲ್ಲಿ ಆಡುವವರನ್ನು ಇಂಗ್ಲೆಂಡ್ ಸಾಮಾನ್ಯವಾಗಿ ಆರಿಸಲ್ಲ, ಹಾಗಾಗಿ ಅಲ್ಲೇ ಉಳಿದುಕೊಂಡ ಮೇಲೆ ದೇಶದ ತಂಡದ ಬಾಗಿಲು ಮುಚ್ಚಿತು. ಆದ್ದರಿಂದ ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತೆ, ಯಾವ ದೇಶಕ್ಕೆ ಹೋಗುತ್ತಿದ್ದಾನೆ ಅನ್ನೋದರ ಮೇಲೂ ಒಂದು ಕಣ್ಣಿರಲಿ.

ಕೆಲವೊಮ್ಮೆ ಹುಡುಗ ಆಟವನ್ನೇ ಬಿಟ್ಟು ಹೋಗುತ್ತಾನೆ. 2024ರ ಜನವರಿಯಲ್ಲಿ, ವೇಲ್ಸ್ ತಂಡ ಪ್ರಕಟವಾಗೋ ದಿನವೇ, ರೀಸ್-ಜಾಮಿಟ್ ಅಮೆರಿಕನ್ ಫುಟ್‌ಬಾಲ್‌ಗೆ ಹೊರಟೆ ಅಂದುಬಿಟ್ಟ. ನನಗಂತೂ ಮನೆಯವರೇ ಹೇಳದೆ ಊರು ಬಿಟ್ಟ ಹಾಗಾಯಿತು. ಕಾನ್ಸಸ್ ಸಿಟಿ ಚೀಫ್ಸ್, ಆಮೇಲೆ ಜಾಕ್ಸನ್‌ವಿಲ್ ಜಾಗ್ವಾರ್ಸ್, ಆದರೆ ಲೀಗ್ ಪಂದ್ಯ ಒಂದನ್ನೂ ಆಡಲಿಲ್ಲ. 2025ರಲ್ಲಿ ವಾಪಸ್ ಬಂದು ಬ್ರಿಸ್ಟಲ್ ಬೇರ್ಸ್ ಸೇರಿದ, ಅದೇ ನವೆಂಬರ್‌ನಲ್ಲಿ ವೇಲ್ಸ್ ಜೆರ್ಸಿ ಮತ್ತೆ ಹಾಕಿದ. ಸೋತು ಬಂದ ಅನ್ನೋರು ಇದ್ದಾರೆ. ನಾನು ಒಪ್ಪಲ್ಲ, ಇಪ್ಪತ್ತೆರಡಕ್ಕೆ ಹೋಗದೆ ಮೂವತ್ತಕ್ಕೆ ಹೋಗೋಕಾಗುತ್ತಾ?

ಅಂದ ಹಾಗೆ, 2025ರಲ್ಲಿ ಮುಂಬೈಯಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ ಲೀಗ್ ಏಳು ಜನರ ರಗ್ಬಿ, ಅದೇ ಬೇರೆ ಓಟ. ಹದಿನೈದು ಜನರದ್ದು ಬೇಕಂದರೆ ಫೆಬ್ರವರಿ, ಮಾರ್ಚ್‌ನ ಸಿಕ್ಸ್ ನೇಷನ್ಸ್ (ಯುರೋಪಿನ ಆರು ದೇಶಗಳ ಟೂರ್ನಿ) ಇಂದ ಶುರು ಮಾಡಿ. ಶನಿವಾರದ ಪಂದ್ಯಗಳು ಸಾಮಾನ್ಯವಾಗಿ ನಮ್ಮ ಸಮಯ ರಾತ್ರಿ 7:45ರ ಸುಮಾರಿಗೆ ಒಂದು, 10:15ರ ಸುಮಾರಿಗೆ ಇನ್ನೊಂದು. ಊಟ ಎರಡರ ಮಧ್ಯೆ ಮುಗಿಸಿಕೊಳ್ಳಬಹುದು.