ಮಗುವಿಗೆ ಬೂಸ್ಟರ್ ಹಾಕಿಸುವ ದಿನ: ಏನೇನು ನಡೆಯುತ್ತದೆ, ಏನನ್ನು ಗಮನಿಸಬೇಕು

ಮೊದಲ ವರ್ಷದ ಲಸಿಕೆಗಳನ್ನು ಒಂದೂ ತಪ್ಪದಂತೆ ಹಾಕಿಸಿದ ಮನೆಯವರೇ, ಮಗು ಓಡಾಡಲು ಶುರುಮಾಡಿದ ಮೇಲೆ ತಾಯಿ ಕಾರ್ಡನ್ನು ಬೀರುವಿನಲ್ಲಿಟ್ಟು ಮರೆತುಬಿಡುವುದುಂಟು. 6, 10 ಮತ್ತು 14ನೇ ವಾರಗಳಲ್ಲಿ ಕೊಟ್ಟ, ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯಿಂದ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧ ಮಗುವಿಗೆ ಬಂದ ರಕ್ಷಣೆ ಕಾಲ ಕಳೆದಂತೆ ಕುಗ್ಗುತ್ತದೆ. ಅದನ್ನು ಮತ್ತೆ ಬಲಪಡಿಸಲೆಂದೇ ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ 16ರಿಂದ 24 ತಿಂಗಳೊಳಗೆ ಡಿಪಿಟಿಯ (ಈ ಮೂರೂ ರೋಗಗಳ ವಿರುದ್ಧದ ಲಸಿಕೆ) ಮೊದಲ ಬೂಸ್ಟರ್, 5ರಿಂದ 6 ವರ್ಷದೊಳಗೆ ಎರಡನೆಯ ಬೂಸ್ಟರ್, ಅನಂತರ 10 ಮತ್ತು 16ನೇ ವಯಸ್ಸಿನಲ್ಲಿ ಧನುರ್ವಾಯು ಮತ್ತು ಗಂಟಲಮಾರಿಯ ವಿರುದ್ಧದ ಟಿಡಿ ಲಸಿಕೆಯನ್ನು ಸೇರಿಸಲಾಗಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವೆಲ್ಲವೂ ಉಚಿತ.

ಯಾವ ದಿನ, ಎಲ್ಲಿ ಲಸಿಕೆ ಹಾಕುತ್ತಾರೆಂಬುದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಳ್ಳಿ. ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ, ತೊಡೆ ಮತ್ತು ತೋಳು ಸುಲಭವಾಗಿ ಸಿಗುವಂಥ ಸಡಿಲ ಬಟ್ಟೆ ಹಾಕಿ, ಕಾರ್ಡನ್ನು ಮರೆಯದೆ ಒಯ್ಯಿರಿ. ನೆಗಡಿ, ಸಣ್ಣ ಕೆಮ್ಮು ಅಥವಾ ಸಾಧಾರಣ ಭೇದಿಯ ಕಾರಣಕ್ಕೆ ಲಸಿಕೆಯನ್ನು ಮುಂದೂಡಬೇಕಾಗಿಲ್ಲ. ಆದರೆ ಹಿಂದಿನ ಡೋಸಿನ ನಂತರ ಉಸಿರಾಟಕ್ಕೆ ತೊಂದರೆಯಾಗಿದ್ದರೆ, ಫಿಟ್ಸ್ ಬಂದಿದ್ದರೆ ಅಥವಾ ಮಗು ಪ್ರಜ್ಞೆ ತಪ್ಪಿದ್ದರೆ, ಸೂಜಿ ಚುಚ್ಚುವ ಮೊದಲೇ ಅದನ್ನು ಹೇಳಲೇಬೇಕು.

ಒಂದೂವರೆ ವರ್ಷದ ಹೊತ್ತಿಗೆ ಕೇಂದ್ರಕ್ಕೆ ಹೋದರೆ ಡಿಪಿಟಿ ಒಂದೇ ಅಲ್ಲ, ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸನ್ನೂ ಬಾಯಿಗೆ ಪೋಲಿಯೊ ಹನಿಗಳನ್ನೂ ಅದೇ ದಿನ ಕೊಡುತ್ತಾರೆ. ಮೆದುಳು ಜ್ವರದ ಕಾಟವಿರುವ ಜಿಲ್ಲೆಗಳಲ್ಲಿ ಅದರ ಲಸಿಕೆಯೂ ಸೇರುತ್ತದೆ. ಒಂದೇ ದಿನ ಇಷ್ಟೊಂದು ಲಸಿಕೆ ಬೇಕೇ ಎಂದು ಅಜ್ಜಿಯಂದಿರು ಆತಂಕಪಡುವುದು ಸಹಜ, ಆದರೆ ಇವನ್ನು ಬೇರೆ ಬೇರೆ ಜಾಗಗಳಿಗೆ ಒಟ್ಟಿಗೆ ಕೊಡುವುದು ಸುರಕ್ಷಿತ. ಡಿಪಿಟಿಯನ್ನು ಈ ವಯಸ್ಸಿನಲ್ಲಿ ತೊಡೆಯ ಹೊರಬದಿಯ ಸ್ನಾಯುವಿಗೂ, 5 ವರ್ಷದ ನಂತರ ತೋಳಿಗೂ ಚುಚ್ಚುತ್ತಾರೆ, ಪ್ರಮಾಣ 0.5 ಮಿಲಿಲೀಟರ್.

ಲಸಿಕೆಯ ಬಾಟಲಿಯನ್ನು ನೋಡಬೇಕೆಂದು ಕೇಳಲು ಸಂಕೋಚಪಡಬೇಡಿ. ಲೇಬಲ್ಲಿನ ಮೇಲೊಂದು ಬಣ್ಣದ ವೃತ್ತವೂ ಅದರೊಳಗೆ ಒಂದು ಚೌಕವೂ ಇರುತ್ತವೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲವೆಂದು ಅರ್ಥ. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದರೆ ಅಥವಾ ಚೌಕವೇ ಹೆಚ್ಚು ಗಾಢವಾಗಿದ್ದರೆ ಅದನ್ನು ಬಳಸುವಂತಿಲ್ಲ. ಚುಚ್ಚುವಾಗ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕೈಕಾಲು ಅಲುಗದಂತೆ ಅಪ್ಪಿ ಹಿಡಿಯಿರಿ. ಹಾಕಿಸಿಕೊಂಡ ತಕ್ಷಣ ಎದ್ದು ಹೊರಡದೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು, ಏಕೆಂದರೆ ತೀವ್ರ ಅಲರ್ಜಿ ಬಹಳ ಅಪರೂಪವಾದರೂ ಬರುವುದಾದರೆ ಸಾಮಾನ್ಯವಾಗಿ ಅಷ್ಟರೊಳಗೇ ಕಾಣಿಸಿಕೊಳ್ಳುತ್ತದೆ ಮತ್ತು ಅದಕ್ಕೆ ಬೇಕಾದ ಔಷಧ ಅಲ್ಲಿಯೇ ಇರುತ್ತದೆ.

ಮನೆಗೆ ಬಂದ ಮೇಲಿನ ಎರಡು ಮೂರು ದಿನಗಳೇ ತಂದೆ ತಾಯಿಯರನ್ನು ಹೆಚ್ಚು ಕಂಗೆಡಿಸುವುದು. ಆ ದಿನ ಸಂಜೆಯಿಂದ ಜ್ವರ, ಕಿರಿಕಿರಿ, ಊಟ ಬೇಡವೆನ್ನುವುದು, ಚುಚ್ಚಿದ ಜಾಗದಲ್ಲಿ ಕೆಂಪು ಮತ್ತು ನೋವು, ನೋವಿರುವ ಕಾಲನ್ನು ಊರಲು ಒಪ್ಪದೆ ಮಗು ಎತ್ತಿಕೋ ಎಂದು ಹಟ ಹಿಡಿಯುವುದು ಸಾಮಾನ್ಯ. ಇಲ್ಲೊಂದು ಮಾತನ್ನು ಮುಂಚೆಯೇ ತಿಳಿದಿದ್ದರೆ ಭಯ ಬಹುಪಾಲು ಕಡಿಮೆಯಾಗುತ್ತದೆ: ಹಿಂದಿನ ಡೋಸುಗಳಿಂದ ದೇಹಕ್ಕೆ ಈ ಲಸಿಕೆಯ ಪರಿಚಯ ಆಗಿರುವುದರಿಂದ ಬೂಸ್ಟರಿನಲ್ಲಿ ಊತ ಮೊದಲಿಗಿಂತ ಜೋರಾಗಿರಬಹುದು, ಕೆಲವು ಮಕ್ಕಳಲ್ಲಿ ತೊಡೆ ಅಥವಾ ತೋಳು ಪೂರ್ತಿಯಾಗಿ ಊದಿಕೊಳ್ಳುವುದೂ ಉಂಟು. ಅದು ನೋಡಲು ಗಾಬರಿ ಹುಟ್ಟಿಸಿದರೂ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಚರ್ಮದಡಿ ಕೈಗೆ ಸಿಗುವ ಸಣ್ಣ ಗಂಟು ವಾರಗಟ್ಟಲೆ ಉಳಿದರೂ ನೋವಿಲ್ಲದಿದ್ದರೆ ಚಿಂತಿಸಬೇಕಿಲ್ಲ.

ಚುಚ್ಚಿದ ಜಾಗವನ್ನು ತಿಕ್ಕಬಾರದು, ಅರಿಶಿನ, ಎಣ್ಣೆ, ಸುಣ್ಣ ಯಾವುದನ್ನೂ ಹಚ್ಚಬಾರದು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಸಾಕು. ಜ್ವರ ಬಂದರೆ ನರ್ಸ್ ಮಗುವಿನ ತೂಕ ನೋಡಿ ಹೇಳಿದ ಅಳತೆಯಲ್ಲಷ್ಟೇ ಪ್ಯಾರಾಸಿಟಮಾಲ್ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ದಡಾರ ಲಸಿಕೆಯಿಂದ ಬರುವ ಜ್ವರ ಮತ್ತು ದದ್ದು ಒಂದು ವಾರದ ನಂತರ ಕಾಣಿಸಿಕೊಳ್ಳುತ್ತವೆ, ಅದನ್ನು ಹೊಸ ಕಾಯಿಲೆಯೆಂದು ತಿಳಿಯುವವರು ಬಹಳ ಮಂದಿ. ಮೂರು ಗಂಟೆಗೂ ಹೆಚ್ಚು ಕಾಲ ಬಿಡದೆ ಅಳುವುದು, ಏರುತ್ತಲೇ ಹೋಗುವ ಜ್ವರ, ಫಿಟ್ಸ್, ಮಂಕಾಗಿ ಜೋಲು ಬೀಳುವುದು, ಮುಖ ಊದಿ ಉಸಿರಾಡಲು ಕಷ್ಟವಾಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೇಂದ್ರದಿಂದ ಹೊರಡುವ ಮೊದಲು ಕಾರ್ಡಿನಲ್ಲಿ ಲಸಿಕೆಯ ಹೆಸರು, ದಿನಾಂಕ ಮತ್ತು ಮುಂದಿನ ಭೇಟಿಯನ್ನು ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ. ಅವಧಿ ಮೀರಿದೆಯೆಂದು ನಾಚಿ ಮನೆಯಲ್ಲೇ ಉಳಿಯುವವರಿಗೆ ತಿಳಿದಿರಬೇಕಾದದ್ದೆಂದರೆ, ತಡವಾದ ಮಾತ್ರಕ್ಕೆ ಹಳೆಯ ಡೋಸುಗಳು ವ್ಯರ್ಥವಾಗುವುದಿಲ್ಲ, ಮೊದಲಿನಿಂದ ಶುರುಮಾಡಬೇಕಾಗಿಯೂ ಇಲ್ಲ; 7 ವರ್ಷ ತುಂಬುವವರೆಗೆ ಡಿಪಿಟಿಯನ್ನು ಕೊಡುತ್ತಾರೆ, ಅದು ದಾಟಿದ ಮಗುವಿಗೆ ಟಿಡಿ ಇದೆ.