ಹಳೇ ಟ್ರ್ಯಾಕ್ಟರ್ ಹುಡುಕಿ ತಿರುಗಿದ ಮೂರು ತಿಂಗಳು

ನಮ್ಮದು ತಿಪಟೂರು ತಾಲ್ಲೂಕು. ಜಮೀನು ನಾಲ್ಕೂವರೆ ಎಕರೆ. ಅದರಲ್ಲಿ ಎರಡು ಎಕರೆ ತೆಂಗಿನ ತೋಟ, ಉಳಿದದ್ದು ರಾಗಿ ಹೊಲ. ಇಷ್ಟಕ್ಕೆ ಟ್ರ್ಯಾಕ್ಟರ್ ಯಾಕೆ ಅಂತ ಮೊದಲು ಕೇಳಿದವಳು ನನ್ನ ಹೆಂಡತಿ. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ವರ್ಷಕ್ಕೆ ಎಲ್ಲ ಸೇರಿ 25 ಗಂಟೆ ಬಾಡಿಗೆ ಟ್ರ್ಯಾಕ್ಟರ್ ಹೊಡೆಸುತ್ತಿದ್ದೆ. ಗಂಟೆಗೆ 1,000 ರೂಪಾಯಿ ಹಿಡಿದರೂ 25,000. ಟ್ರ್ಯಾಕ್ಟರ್‌ಗೆ ಹಾಕುವ ದುಡ್ಡು ಹೀಗೆ ವಾಪಸ್ ಬರಬೇಕಾದರೆ ಹತ್ತು ವರ್ಷ ಬೇಕು. ಡೀಸೆಲ್ಲು, ರಿಪೇರಿ ಬೇರೆ.

ಆದರೆ ಲೆಕ್ಕದಲ್ಲಿ ಬಾರದ ಒಂದು ವಿಷಯ ಇದೆ. ಪುನರ್ವಸು ಮಳೆ ಬಂದು ಹದವಾಯಿತು ಅಂದರೆ ಊರಿಗೆಲ್ಲ ಒಂದೇ ದಿನ ಟ್ರ್ಯಾಕ್ಟರ್ ಬೇಕು. ದೊಡ್ಡ ಹೊಲದವರದು ಮೊದಲು, ನಮ್ಮಂಥವರದು ಆಮೇಲೆ. ಎರಡು ವರ್ಷ ಸತತವಾಗಿ ನನ್ನ ಸರದಿ ಬರುವಷ್ಟರಲ್ಲಿ ಹದ ಆರಿತ್ತು. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ಆ ವಾರ ಸಾಲು ನಿಂತಿರುತ್ತದೆ. ಅದಕ್ಕೇ ಮನಸ್ಸು ಮಾಡಿದೆ. ಮಳೆಯಾಶ್ರಿತ ಹೊಲ ಇಲ್ಲದೆ ಬರೀ ತೋಟ ಇದ್ದಿದ್ದರೆ ಖಂಡಿತ ಬಾಡಿಗೆಯಲ್ಲೇ ಇರುತ್ತಿದ್ದೆ.

ಕೈಯಲ್ಲಿ 3,20,000 ಇತ್ತು. ಅಷ್ಟರಲ್ಲಿ ಹೊಸದು ಬರುವುದಿಲ್ಲ. ಸಬ್ಸಿಡಿ ಸಿಗುವುದೂ ಹೊಸದಕ್ಕೆ, ಹಳೇದಕ್ಕಲ್ಲ. ನಾನು ಮೊದಲೇ ತೀರ್ಮಾನ ಮಾಡಿದ್ದು, ಗಾಡಿಗೆ 2,70,000 ದಾಟಬಾರದು, 50,000 ರಿಪೇರಿಗೆ ಎತ್ತಿಡಬೇಕು ಅಂತ. ಈ 50,000ವನ್ನು ನಾನು ಮುಟ್ಟದೆ ಉಳಿಸಿಕೊಂಡಿದ್ದೇ ಮುಂದೆ ಕೈಹಿಡಿಯಿತು.

ಎಷ್ಟು ಎಚ್‌ಪಿ ಅನ್ನುವುದೇ ದೊಡ್ಡ ಚರ್ಚೆ ಆಯಿತು. ನನ್ನ ತಮ್ಮ ಮಿನಿ ಟ್ರ್ಯಾಕ್ಟರ್ ಪಕ್ಷ. 15 ಎಚ್‌ಪಿಯ ಸ್ವರಾಜ್ 717, ಮಹೀಂದ್ರಾ ಯುವರಾಜ್, 18.5 ಎಚ್‌ಪಿಯ ವಿಎಸ್‌ಟಿ ಶಕ್ತಿ, ಇವನ್ನೆಲ್ಲ ನೋಡಿ ಬಂದಿದ್ದ. ಅಡಿಕೆ ತೋಟ ಇದ್ದವರಿಗೆ ಅದೇ ಸರಿ. ಅಡಿಕೆ ಗಿಡ ಒಂಬತ್ತು ಅಡಿಗೊಂದು ಇರುತ್ತದೆ, ದೊಡ್ಡ ಗಾಡಿ ಒಳಗೆ ಹೋದರೆ ಬೇರು, ಕಾಂಡ ಎರಡಕ್ಕೂ ಪೆಟ್ಟು. ನಮ್ಮದು ಮೂವತ್ತು ಅಡಿ ಅಂತರದ ತೆಂಗು, ಮಧ್ಯೆ ಅಡಿಕೆ ಇಲ್ಲ. ಜೊತೆಗೆ ರಾಗಿ ಹೊಲದ ನೆಲ ಬೇಸಿಗೆಯಲ್ಲಿ ಕಲ್ಲಿನಂತೆ ಆಗುತ್ತದೆ. ಮಾಗಿ ಉಳುಮೆಗೆ ಮಿನಿ ಗಾಡಿ ಏದುಸಿರು ಬಿಡುತ್ತದೆ. ಹಾಗಾಗಿ 35ರಿಂದ 40 ಎಚ್‌ಪಿ ಅಂತ ನಿಂತೆವು. ಮಹೀಂದ್ರಾ 275, ಮ್ಯಾಸ್ಸಿ 1035, ಸ್ವರಾಜ್ 735. ಈ ಮೂರರಲ್ಲಿ ಯಾವುದು ಒಳ್ಳೆಯದು ಅಂತ ಟೀ ಅಂಗಡಿಯಲ್ಲಿ ಕೇಳಿದರೆ ಸಂಜೆವರೆಗೂ ಜಗಳ ಮುಗಿಯುವುದಿಲ್ಲ. ನಾನು ನೋಡಿದ್ದು ಒಂದೇ: ತಿಪಟೂರಿನಲ್ಲಿ ಯಾವುದರ ಸಾಮಾನು ಅದೇ ದಿನ ಸಿಗುತ್ತದೆ, ಯಾವುದನ್ನು ಬಿಚ್ಚಲು ನಮ್ಮ ರಿಪೇರಿ ಮೇಸ್ತ್ರಿಗೆ ಕೈ ಪಳಗಿದೆ. ಮೂರೂ ಪಾಸಾದವು. ಇನ್ನು ಕಂಪನಿ ಬಿಟ್ಟು ಗಾಡಿ ನೋಡುವುದು ಅಂತಾಯಿತು.

ಮೂರು ತಿಂಗಳಲ್ಲಿ ಹನ್ನೊಂದು ಗಾಡಿ ನೋಡಿದೆ. ಅರಸೀಕೆರೆ, ಹುಳಿಯಾರು, ಚನ್ನರಾಯಪಟ್ಟಣ, ಮಂಡ್ಯ, ಹೊಸದುರ್ಗ. ಮೊದಲ ನಾಲ್ಕನ್ನು ಸುಮ್ನೆ ಬಣ್ಣ ನೋಡಿ ಮೆಚ್ಚಿ ಬಂದಿದ್ದೆ. ಐದನೆಯದಕ್ಕೆ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ದಿನಕ್ಕೆ 800 ರೂಪಾಯಿ, ಊಟ ನನ್ನದು. ಆ ದಿನ ನಾನು ಕಲಿತದ್ದು ಆ ದುಡ್ಡಿನ ಹತ್ತರಷ್ಟು.

ಅದು ಮಂಡ್ಯ ಕಡೆಯ ಗಾಡಿ, ಕೆಎ-11 ನಂಬರು. ಮೀಟರ್ 1,900 ಗಂಟೆ ತೋರಿಸುತ್ತಿತ್ತು. ಬಣ್ಣ ಹೊಸದು. ನಾವು ಹೋಗುವಷ್ಟರಲ್ಲಿ ಇಂಜಿನ್ ಓಡುತ್ತಿತ್ತು. ಮೇಸ್ತ್ರಿ ಮುಂದೆ ಹೋಗಲೇ ಇಲ್ಲ, ನೇರ ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಟ್ರೇಲರ್ ಸಿಕ್ಕಿಸುವ ಪಟ್ಟಿಯ ತೂತು ತೋರಿಸಿ, "ನೋಡಿ ಅಣ್ಣ, ಕೋಳಿಮೊಟ್ಟೆ ಆಗಿದೆ" ಅಂದರು. ದುಂಡಗಿರಬೇಕಾದ ತೂತು ಉದ್ದಕ್ಕೆ ಸವೆದಿತ್ತು. ಅಂದರೆ ಇದು ಉಳುಮೆಗಿಂತ ಜಾಸ್ತಿ ಕಬ್ಬು ಎಳೆದಿದೆ. ಕಬ್ಬಿನ ಲೋಡು ಎಳೆದ ಗಾಡಿಯ ಕ್ಲಚ್ಚು, ಗೇರ್ ಬಾಕ್ಸು, ಬ್ರೇಕು ಎಲ್ಲ ಬೇಗ ಸುಸ್ತಾಗುತ್ತವೆ. ಆಮೇಲೆ ಕ್ಲಚ್ ಪೆಡಲ್ ತೋರಿಸಿದರು. ಮೇಲಿನ ಗೀರುಗಳೆಲ್ಲ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. 1,900 ಗಂಟೆಗೆ ಪೆಡಲ್ ಹಾಗಾಗುವುದಿಲ್ಲ. ಗಂಟೆ ತೋರಿಸುವ ಮೀಟರಿನ ಕೇಬಲ್ ಕಳಚಿಟ್ಟರೆ ಗಾಡಿ ಎಷ್ಟು ಓಡಿದರೂ ಮುಳ್ಳು ಅಲ್ಲೇ ಇರುತ್ತದೆ, ಅಷ್ಟೇ.

ಅಲ್ಲಿಂದ ಮುಂದೆ ನಾನು ಗಾಡಿಯ ವಯಸ್ಸಿಗಿಂತ ಅದು ಇಷ್ಟು ದಿನ ಏನು ಕೆಲಸ ಮಾಡಿತ್ತು ಅನ್ನುವುದನ್ನೇ ಹುಡುಕತೊಡಗಿದೆ. ಗದ್ದೆ ಕೆಸರಲ್ಲಿ ಕೇಜ್ ವೀಲ್, ಅಂದರೆ ಪಂಜರದಂಥ ಕಬ್ಬಿಣದ ಚಕ್ರ, ಹಾಕಿ ಓಡಿಸಿದ್ದರೆ ಹಿಂದಿನ ಚಕ್ರದ ಒಳಭಾಗದಲ್ಲಿ ಎಣ್ಣೆ ಜಿನುಗಿದ ಕಲೆ ಇರುತ್ತದೆ. ಕೆಸರು ಸೀಲ್ ತಿಂದಿರುತ್ತದೆ. ಮರಳು, ಕಲ್ಲು ಹೊಡೆದ ಗಾಡಿಯ ಮುಂದಿನ ಆಕ್ಸಲ್ ಸಡಿಲ. ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ಒಣ ಹೊಲದಲ್ಲಿ ಮಾಲೀಕನೇ ಓಡಿಸಿದ ಗಾಡಿ, ಹತ್ತು ವರ್ಷದ್ದಾದರೂ ಪರವಾಗಿಲ್ಲ.

ಕೊನೆಗೆ ಸಿಕ್ಕಿದ್ದು ಹೊಸದುರ್ಗ ಕಡೆ ಒಬ್ಬ ರೈತರ ಹತ್ತಿರ. 2013ರ ಮ್ಯಾಸ್ಸಿ 1035, 36 ಎಚ್‌ಪಿ, ಕೆಎ-16. ಬಣ್ಣ ಮಾಸಿತ್ತು, ಬಾನೆಟ್ ಒಂದು ಕಡೆ ತಗ್ಗಾಗಿತ್ತು. ನನಗೆ ಅದೇ ಇಷ್ಟವಾಯಿತು, ಮುಚ್ಚಿಡುವ ಹಂಬಲ ಕಾಣಲಿಲ್ಲ. ಹಿಂದಿನ ರಾತ್ರಿಯೇ ಫೋನ್ ಮಾಡಿ, "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಯಜಮಾನ್ರೇ" ಅಂದಿದ್ದೆ. ಬೆಳಗ್ಗೆ ಏಳಕ್ಕೆ ಹೋಗಿ ಮೊದಲು ಸೈಲೆನ್ಸರ್ ಮುಟ್ಟಿ ನೋಡಿದೆ. ತಣ್ಣಗಿತ್ತು.

ಸ್ಟಾರ್ಟ್ ಮಾಡುವ ಮುಂಚೆ ಮೇಸ್ತ್ರಿ ಡಿಪ್ ಸ್ಟಿಕ್ ಎಳೆದು ನೋಡಿದರು. ಇಂಜಿನ್ ಆಯಿಲ್ ಕಪ್ಪಗಿತ್ತು, ಅದು ಸರಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಬೆರೆತಿದೆ ಅಂತ ಅರ್ಥ, ಅಲ್ಲಿಂದಲೇ ವಾಪಸ್. ರೇಡಿಯೇಟರ್ ನೀರಿನ ಮೇಲೆ ಎಣ್ಣೆ ಜಿಡ್ಡು ಇರಲಿಲ್ಲ. ಮೂರು ಸುತ್ತಿಗೆ ಇಂಜಿನ್ ಹಿಡಿಯಿತು. ಸ್ವಲ್ಪ ಕಪ್ಪು ಹೊಗೆ ಬಂದು ತೆಳುವಾಯಿತು. ಕಪ್ಪು ಹೊಗೆಗೆ ನಾನು ಹೆದರುವುದಿಲ್ಲ, ಹೆಚ್ಚಾಗಿ ಏರ್ ಕ್ಲೀನರ್ ಅಥವಾ ನಾಜಲ್ ಕೆಲಸ. ನೀಲಿ ಹೊಗೆ ಬಿಡದೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು, ಲೈನರ್ ಅಂತ ಖರ್ಚು ಬೆಳೆಯುತ್ತದೆ. ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದರು. ಅಲ್ಲಿಂದ ಹೊಗೆ ಬುಸುಗುಟ್ಟಿಕೊಂಡು ಬರಬಾರದು. ತೆಳ್ಳಗೆ ಆವಿ ಇತ್ತು, ಅಷ್ಟೇ.

ಕ್ಲಚ್ ನೋಡಲು ಬ್ರೇಕ್ ಗಟ್ಟಿಯಾಗಿ ತುಳಿದು, ದೊಡ್ಡ ಗೇರಿಗೆ ಹಾಕಿ, ನಿಧಾನಕ್ಕೆ ಕ್ಲಚ್ ಬಿಟ್ಟೆವು. ಇಂಜಿನ್ ಆಫ್ ಆಯಿತು. ಆಫ್ ಆಗಬೇಕು. ಹಾಗೇ ಓಡುತ್ತಿದ್ದರೆ ಕ್ಲಚ್ ಪ್ಲೇಟ್ ಹೋಗಿದೆ ಅಂತ.

ಹಿಂದಿನ ಟೈರುಗಳ ಹಿಡಿತದ ಉಬ್ಬು ಅರ್ಧ ಉಳಿದಿತ್ತು. ಮುಂದಿನವು ಬೋಳು. ಅವರು ಕೇಳಿದ್ದು 2,85,000. ಟೈರು, ಹಳೇ ಬ್ಯಾಟರಿ ತೋರಿಸಿ ಚೌಕಾಸಿ ಮಾಡಿದೆ. ಬ್ರೋಕರ್ ಮಧ್ಯೆ ಬಂದು ಇಬ್ಬರ ಕೈಯಿಂದಲೂ ಎರಡೆರಡು ಸಾವಿರ ತೆಗೆದುಕೊಂಡ. 2,62,000ಕ್ಕೆ ಮುಗಿಯಿತು.

ಒಂದು ಕಡೆ ಎಡವಿದೆ, ಅದನ್ನೂ ಹೇಳಬೇಕು. ಅವರ ಮನೆಯಲ್ಲಿ ಆ ದಿನ ಹಿಂದೆ ಸಿಕ್ಕಿಸಿ ಉಳುವ ಕಲ್ಟಿವೇಟರ್ ಇರಲಿಲ್ಲ, ಯಾರೋ ನೆಂಟರು ಒಯ್ದಿದ್ದರಂತೆ. ಅದನ್ನು ಎತ್ತಿ ಇಳಿಸುವ ಲಿಫ್ಟ್ ತೋಳುಗಳನ್ನು ಬರೀ ಮೇಲೆ ಕೆಳಗೆ ಮಾಡಿ ನೋಡಿದೆವು. ಚೆನ್ನಾಗಿಯೇ ಎತ್ತಿತು. ಮೇಸ್ತ್ರಿ "ಭಾರ ಹಾಕಿ ನೋಡ್ಬೇಕಿತ್ತು ಅಣ್ಣ" ಅಂದರು. ಬೆಲೆ ಕುದುರಿದ ಖುಷಿಯಲ್ಲಿದ್ದ ನಾನು, ಆಗುತ್ತೆ ಬಿಡಿ ಅಂದೆ. ಊರಿಗೆ ತಂದು ನಮ್ಮ ಭಾವಮೈದುನನ ಐದು ಅಡಿ ರೋಟವೇಟರ್ (ಮಣ್ಣು ಪುಡಿ ಮಾಡುವ ಭಾರದ ಯಂತ್ರ) ಸಿಕ್ಕಿಸಿದರೆ, ನಡುಗುತ್ತಾ ಎತ್ತಿತು. ಇಂಜಿನ್ ಆಫ್ ಮಾಡಿ ಟೀ ಕುಡಿದು ಬರುವಷ್ಟರಲ್ಲಿ ರೋಟವೇಟರ್ ನೆಲದ ಮೇಲೆ ಕೂತಿತ್ತು. ಲಿಫ್ಟ್ ಬಿಚ್ಚಿಸಿ, ಪಂಪು, ಸೀಲು ಎಲ್ಲ ಹಾಕಿಸಲು 13,500. ಮಾರಿದವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಹೋಗಲಿಲ್ಲ. ನೋಡದೇ ಇದ್ದವನು ನಾನು.

ಮುಂದಿನ ಟೈರು, ಬ್ಯಾಟರಿ, ಎಲ್ಲ ಆಯಿಲ್ಲು, ಫಿಲ್ಟರು ಸೇರಿ ಇನ್ನೂ 19,000 ಹೋಯಿತು. ಎತ್ತಿಟ್ಟ 50,000ದಲ್ಲಿ ಉಳಿದ ದುಡ್ಡಿಗೆ ಒಂಬತ್ತು ಹಲ್ಲಿನ ಹಳೇ ಕಲ್ಟಿವೇಟರ್ ತಂದೆ.

ಕಾಗದದ ಕೆಲಸಕ್ಕೆ ನಾನು ಅವಸರ ಮಾಡಲಿಲ್ಲ. ಒಂಬತ್ತನೇ ಗಾಡಿ ಚೆನ್ನಾಗಿತ್ತು, ಆದರೆ ಆರ್‌ಸಿ ಮೂರನೆಯವರ ಹೆಸರಲ್ಲಿತ್ತು. "ಆಮೇಲೆ ಮಾಡಿಸಿಕೊಡ್ತೀವಿ" ಅಂದರು, ಬಿಟ್ಟು ಬಂದೆ. ಈ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕ್ ಸಾಲ ನಮೂದಾಗಿತ್ತು. ಸಾಲ ತೀರಿತ್ತು, ಆದರೆ ಆರ್‌ಸಿಯಿಂದ ತೆಗೆಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ, ಬ್ಯಾಂಕ್ ಸಹಿ ಇರುವ ಫಾರಂ 35 ಕೈಗೆ ಬರುವವರೆಗೂ 40,000 ಹಿಡಿದಿಟ್ಟುಕೊಂಡೆ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಇಂಜಿನ್ ನಂಬರು, ಚಾಸಿ ನಂಬರು ಗಾಡಿಯ ಮೇಲಿರುವುದೂ ಆರ್‌ಸಿಯಲ್ಲಿರುವುದೂ ಒಂದೇನಾ ಅಂತ ಬಟ್ಟೆಯಲ್ಲಿ ಗ್ರೀಸ್ ಒರೆಸಿ ಓದಿದೆ. ನೋಂದಣಿ 15 ವರ್ಷಕ್ಕೆ, ಅಂದರೆ 2028ರವರೆಗೆ ಇದೆ. ಆಮೇಲೆ ನವೀಕರಣ ಮಾಡಿಸಬೇಕು.

ಈಗ ಎರಡು ಮಳೆಗಾಲ ಕಳೆದಿದೆ. ಗಂಟೆಗೆ ನಾಲ್ಕು ಲೀಟರ್ ಹತ್ತಿರ ಡೀಸೆಲ್ ಕುಡಿಯುತ್ತದೆ. ಪವರ್ ಸ್ಟೀರಿಂಗ್ ಇಲ್ಲ, ತೆಂಗಿನ ಸಾಲಿನ ಕೊನೆಯಲ್ಲಿ ತಿರುಗಿಸಿ ತಿರುಗಿಸಿ ಸಂಜೆಗೆ ತೋಳು ಬಿದ್ದುಹೋಗುತ್ತದೆ. ಆದರೆ ಎರಡೂ ವರ್ಷ ಹದಕ್ಕೆ ಸರಿಯಾಗಿ ರಾಗಿ ಬಿತ್ತಿದ್ದೇನೆ. ಮೊನ್ನೆ ಪಕ್ಕದೂರಿನವರೊಬ್ಬರು, ಒಂದು ಗಾಡಿ ಇದೆ, ನೋಡಲು ಜೊತೆಗೆ ಬಾ ಅಂತ ಕರೆದರು. ಹೋಗುವ ಮುಂಚೆ ನಾನು ಕೇಳಿದ್ದು ಬೆಲೆಯನ್ನಲ್ಲ. "ಅವರ ಮನೇಲಿ ರೋಟವೇಟರ್ ಇದೆಯಾ?" ಅಂತ.